ಗಾಯಕನ ಕೋಟಿನ ಮೂರು ಹೊಲಿಗೆ

ಭುಜದ ಹೊಲಿಗೆಯಿಂದ ಮುಂಗೈ ಅಂಚಿನವರೆಗೆ ಎಪ್ಪತ್ತೊಂದೂವರೆ ಸೆಂಟಿಮೀಟರ್. ಎಡತೋಳೂ ಅಷ್ಟೇ, ಬಲತೋಳೂ ಅಷ್ಟೇ. ಅಳತೆಪಟ್ಟಿಯನ್ನು ಸುತ್ತಿಟ್ಟೆ, ಹೋಗಿ ಕೈ ತೊಳೆದುಕೊಂಡು ಬಂದೆ, ಮತ್ತೊಮ್ಮೆ ಅಳೆದೆ. ಸಂಖ್ಯೆ ಬದಲಾಗಲಿಲ್ಲ.

ಕೋಟು ನಮ್ಮ ಕೆಲಸದ ಕೋಣೆಯ ಉದ್ದನೆಯ ಮೇಜಿನ ಮೇಲೆ, ಆಮ್ಲವಿಲ್ಲದ ತೆಳು ಕಾಗದದ ಹಾಸಿಗೆಯಲ್ಲಿ ಮಲಗಿತ್ತು. ಕೋಣೆ ಇದ್ದದ್ದು ಇಂಗ್ಲೆಂಡಿನ ಹೇಸ್ ಎಂಬ ಊರಿನ ಗೋದಾಮುಗಳ ಸಾಲಿನಲ್ಲಿ. ಹತ್ತಿರದ ವಿಮಾನ ನಿಲ್ದಾಣಕ್ಕೆ ಇಳಿಯುವ ಪ್ರತಿ ವಿಮಾನಕ್ಕೂ ಕಿಟಕಿಯ ಗಾಜು ಸಣ್ಣಗೆ ಗುಂಯ್ಗುಡುತ್ತಿತ್ತು. ನಾನು ಒಂದು ವಸ್ತುಸಂಗ್ರಹಾಲಯದ ಜವಳಿ ಸಂರಕ್ಷಣಾ ವಿಭಾಗದಲ್ಲಿ ಒಂದು ವರ್ಷದ ಒಪ್ಪಂದದ ಮೇಲೆ ಕೆಲಸಕ್ಕಿದ್ದೆ. ಹಳೆಯ ಬಟ್ಟೆಗಳನ್ನು ಶುಚಿ ಮಾಡುವುದು, ಹರಿದಲ್ಲಿ ಆಧಾರ ಕೊಡುವುದು, ಪ್ರದರ್ಶನಕ್ಕೆ ಬೊಂಬೆಯ ಮೇಲೆ ನಿಲ್ಲಿಸುವುದು ನಮ್ಮ ಕೆಲಸ. ಹತ್ತು ತಿಂಗಳು ಮುಗಿದಿತ್ತು. ಒಂದು ಕಾಯಂ ಹುದ್ದೆ ಖಾಲಿ ಇತ್ತು, ಅದಕ್ಕೆ ಸಂದರ್ಶನ ಗೊತ್ತಾಗಿತ್ತು. ಸಂದರ್ಶನದಲ್ಲಿ ತೋರಿಸಲು ನನ್ನದೇ ಎಂದು ಹೇಳಿಕೊಳ್ಳಬಹುದಾದ ಮೊದಲ ಕೆಲಸ ಈ ಕೋಟು. ಇದನ್ನು ಬಿಟ್ಟರೆ ನನ್ನ ಬಳಿ ಬೇರೆಯವರ ಕೈಕೆಳಗೆ ಮಾಡಿದ ಕೆಲಸಗಳಷ್ಟೇ ಇದ್ದವು.

ಕೋಟು ಹದಿನೆಂಟನೇ ಶತಮಾನದ ಒಬ್ಬ ಇಟಾಲಿಯನ್ ಗಾಯಕನದು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೋಟನ್ನು ಎರವಲು ಕೊಟ್ಟ ಮನೆತನ ಇನ್ನೂ ಇದೆ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ಆ ಕಾಲದಲ್ಲಿ ಅಲ್ಲಿ ಚೆನ್ನಾಗಿ ಹಾಡುವ ಬಡ ಹುಡುಗರಿಗೆ ದನಿ ಒಡೆಯುವ ಮೊದಲೇ, ನಮ್ಮ ಕಡೆ ಹೋರಿಗಳಿಗೆ ಮಾಡುವುದನ್ನು ಮಾಡಿಸುತ್ತಿದ್ದರು. ಬೆಳೆದ ಎದೆ, ಒಡೆಯದ ಕಂಠ. ಇವನು ಬಡಗಿಯ ಮಗ. ಒಂಬತ್ತನೇ ವಯಸ್ಸಿಗೆ ನೇಪಲ್ಸಿನ ಸಂಗೀತಶಾಲೆ ಸೇರಿದ. ಹೆಂಗಸರಿಗೆ ರಂಗ ನಿಷಿದ್ಧವಾಗಿದ್ದ ರೋಮಿನಲ್ಲಿ ರಾಜಕುಮಾರಿಯ ಪಾತ್ರದಿಂದ ಶುರು ಮಾಡಿ, ಆಮೇಲೆ ವೆನಿಸ್, ಮಿಲಾನ್, ಮತ್ತೆ ನೇಪಲ್ಸ್ ಎಂದು ಊರೂರಿನ ನಾಟಕಶಾಲೆಗಳಲ್ಲಿ ರಾಜರ, ಸೇನಾಪತಿಗಳ ಪಾತ್ರಗಳನ್ನು ಹೆಣ್ಣಿಗಿಂತ ಎತ್ತರದ ದನಿಯಲ್ಲಿ ಹಾಡಿದ. ಒಂದು ಹಾಡಿನ ಮೊದಲ ಭಾಗವನ್ನು ಎರಡನೇ ಸಲ ಹಾಡುವಾಗ ಅವನು ಸೇರಿಸುತ್ತಿದ್ದ ಸಂಗತಿಗಳು ಪ್ರತಿ ದಿನವೂ ಬೇರೆಯಾಗಿರುತ್ತಿದ್ದವಂತೆ. ಕೇಳಿ ಮೂರ್ಛೆ ಹೋದವರ ಕಥೆಗಳು ಕೋಟಿನ ಕಡತದಲ್ಲಿದ್ದವು. ದನಿ ಮಾತ್ರ ಎಲ್ಲಿಯೂ ಉಳಿದಿಲ್ಲ. ಉಳಿದದ್ದು ರಾಜನ ಪಾತ್ರದ ಈ ಒಂದು ರೇಷ್ಮೆ ಕೋಟು, ಎದೆಯ ಮೇಲೆ ಬೆಳ್ಳಿ ಜರಿ, ಬಗಲಲ್ಲಿ ಬೆವರಿನ ಕಲೆ.

ಪ್ರದರ್ಶನವನ್ನು ರೂಪಿಸುವ ಕ್ಯುರೇಟರ್ ಒಬ್ಬ ಇಂಗ್ಲಿಷ್ ಗೃಹಸ್ಥರು. ಕೋಟು ಬರುವ ಮೊದಲೇ ಪೋಸ್ಟರ್ ಮಾಡಿಸಿಬಿಟ್ಟಿದ್ದರು. ಅದರಲ್ಲಿ ಗಾಯಕನ ಯೌವನದ ಒಂದು ಚಿತ್ರ: ತೆಳು ಸೊಂಟ, ಮುಂದೆ ಚಾಚಿದ ಕೈ. "ಕೀರ್ತಿಯ ಶಿಖರದಲ್ಲಿದ್ದಾಗ ತೊಟ್ಟ ಕೋಟು" ಎಂಬ ಫಲಕವನ್ನೂ ಬರೆದಿಟ್ಟಿದ್ದರು.

ನನ್ನ ಮೊದಲ ಕೆಲಸ ಕೋಟನ್ನು ಓದುವುದು. ಪ್ರತಿ ಹೊಲಿಗೆಯನ್ನೂ ಭೂತಗನ್ನಡಿಯಲ್ಲಿ ನೋಡಿ, ನಕ್ಷೆಯಲ್ಲಿ ಗುರುತು ಮಾಡುತ್ತಾ ಹೋದೆ. ಎರಡೂ ಪಕ್ಕದ ಹೊಲಿಗೆಗಳ ಒಳಗೆ, ಬಟ್ಟೆಯ ಅಂಚಿನ ಕಡೆಗೆ, ಮೂರು ಸಾಲು ಸೂಜಿತೂತುಗಳಿದ್ದವು. ಒಂದರಿಂದ ಒಂದಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್. ಈಗ ಕೋಟು ನಿಂತಿದ್ದದ್ದು ಅಂಚಿಗೆ ಹತ್ತಿರದ ಮೂರನೇ ಸಾಲಿನ ಮೇಲೆ, ಅಂದರೆ ಅತಿ ಅಗಲ ಅಳತೆಯಲ್ಲಿ. ಒಳಗಿನ ಎರಡು ಸಾಲುಗಳಲ್ಲಿ ತೂತು ಮಾತ್ರ ಇತ್ತು, ಹೊಲಿಗೆ ಇರಲಿಲ್ಲ.

ನಾನು ತಪ್ಪಿದ್ದು ಇಲ್ಲಿ. ಈ ಮೂರು ಸಾಲು ನನಗೆ ತುಂಬ ಪರಿಚಿತವಾಗಿ ಕಂಡವು. ನೋಡಿದ ಕೂಡಲೇ ಗೊತ್ತಾಯಿತು ಅನ್ನಿಸಿತು. ಒಬ್ಬ ದರ್ಜಿ ಮುಂದಾಲೋಚನೆಯಿಂದ ಒಳಗೆ ಬಟ್ಟೆ ಬಿಟ್ಟು, ಒಂದೇ ಸಲಕ್ಕೆ ಮೂರು ಸಾಲು ಹಾಕಿದ್ದಾನೆ. ಒಳಗಿನ ಸಾಲು ತೊಡುವವನ ನಿಜವಾದ ಅಳತೆ. ಮಿಕ್ಕ ಎರಡು, ಮುಂದೆ ಬೇಕಾದರೆ ಒಳಗಿನದನ್ನು ಬಿಚ್ಚಿ ಸಡಿಲ ಮಾಡಿಕೊಳ್ಳಲು. ಅಸ್ತರಿನಲ್ಲಿ ನಂತರದ ಕಾಲದ ಒಂದು ವೇಷಭೂಷಣ ಬಾಡಿಗೆ ಅಂಗಡಿಯ ಚೀಟಿಯೂ ಸಿಕ್ಕಿತ್ತು. ಬಿಚ್ಚಿದವರು ಅವರೇ ಇರಬೇಕು ಎಂದುಕೊಂಡೆ. ವರದಿಯಲ್ಲಿ ಹೀಗೆ ಬರೆದೆ: "ಮೂರೂ ಸಾಲುಗಳು ಏಕಕಾಲದವು. ಇದು ದರ್ಜಿಗಳ ಸಾಮಾನ್ಯ ಪದ್ಧತಿ. ಗಾಯಕನ ಅಳತೆ ಒಳಗಿನ ಸಾಲಿನದು."

ಯಾವ ದರ್ಜಿಗಳು, ಯಾವ ದೇಶದವರು ಎಂದು ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಕ್ಯುರೇಟರ್ ಸಂತೋಷಪಟ್ಟರು. ಒಳಗಿನ ಸಾಲಿನ ಲೆಕ್ಕದಲ್ಲಿ ಸುತ್ತಳತೆ ಹನ್ನೆರಡು ಸೆಂಟಿಮೀಟರ್ ಕಡಿಮೆ. ಪೋಸ್ಟರಿನ ಸೊಂಟಕ್ಕೆ ಸರಿಹೋಗುತ್ತಿತ್ತು.

ಬೊಂಬೆ ಮಾಡುವ ಕ್ರಮ ಹೀಗೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಗಂಡಿನ ಬೊಂಬೆಯನ್ನು ತರುತ್ತೇವೆ. ಕೋಟಿಗಿಂತ ಚಿಕ್ಕದಾಗುವವರೆಗೆ ಗರಗಸದಿಂದ ಕೊಯ್ದು, ಬೇಕಾದಲ್ಲಿ ಪಾಲಿಯೆಸ್ಟರ್ ಹತ್ತಿಯ ಹಾಳೆಗಳನ್ನು ಪದರ ಪದರವಾಗಿ ಹೊಲಿದು ಮೈ ಕಟ್ಟುತ್ತೇವೆ. ಕೊನೆಗೆ ಮೇಲೆ ಜರ್ಸಿ ಬಟ್ಟೆಯ ತೊಗಲು. ನಡುವೆ ಅಸಲಿ ಕೋಟನ್ನು ತೊಡಿಸಿ ನೋಡುವಂತಿಲ್ಲ. ಕೋರಾ ಬಟ್ಟೆಯಲ್ಲಿ ಅದರ ನಕಲು ಹೊಲಿದು, ಅದನ್ನೇ ಹಾಕಿ ತೆಗೆದು ಮಾಡುತ್ತೇವೆ. ಅಸಲಿಯನ್ನು ತೊಡಿಸುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ.

ನಕಲನ್ನು ತೊಡಿಸಿದಾಗ ಎದೆ ಕೂತಿತು. ತೋಳು ಮಾತ್ರ ಬೊಂಬೆಯ ಮಣಿಕಟ್ಟನ್ನು ದಾಟಿ, ಅಂಗೈ ಮುಚ್ಚಿ ಜೋತಾಡಿತು. ನಮ್ಮ ವಿಭಾಗದ ಹಿರಿಯ ಸಂರಕ್ಷಕಿ ಅಡ್ಡ ಹಾಯುವಾಗ ನಿಂತು ನೋಡಿದರು. ಅರವತ್ತರ ಹತ್ತಿರದ ಇಂಗ್ಲಿಷ್ ಹೆಂಗಸು, ನನಗೆ ಕೆಲಸ ಕಲಿಸಿದವರು.

"ಅಣ್ಣನ ಕೋಟು ಹಾಕಿಕೊಂಡ ತಮ್ಮನ ಹಾಗಿದ್ದಾನೆ," ಎಂದರು.

"ತೋಳಿಗೆ ಆಮೇಲೆ ಯಾರಾದರೂ ತುಂಡು ಸೇರಿಸಿರಬಹುದೆ?"

"ಸೇರಿಸಿದ ಹೊಲಿಗೆ ಕಂಡಿತೆ?"

"ಇಲ್ಲ."

"ಹಾಗಾದರೆ ಸೇರಿಸಿಲ್ಲ. ಬೊಂಬೆ ತಪ್ಪು, ಕೋಟಲ್ಲ. ಅದನ್ನು ಮೊದಲು ತಲೆಯಲ್ಲಿ ಇಟ್ಟುಕೋ."

ಯಾರನ್ನು ಕೇಳಬೇಕು ಎಂದು ನನಗೆ ಗೊತ್ತಿತ್ತು. ಕೇಳುವುದು ಹೇಗೆ ಎಂದು ಗೊತ್ತಿರಲಿಲ್ಲ. ನನ್ನ ಅಪ್ಪ ಧಾರವಾಡದಲ್ಲಿ ಓದಿ ಬಂದ ಡಾಕ್ಟರು. ಇಲ್ಲಿ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ಬೆಳವಣಿಗೆ ಏರುಪೇರಾದ ಮಕ್ಕಳನ್ನು ಅಳೆದು ನೋಡುವ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ನಾನು ಹನ್ನೊಂದು ವರ್ಷದವಳಿದ್ದಾಗ ನಾವು ಬಂದು ರೇನರ್ಸ್ ಲೇನ್‌ನಲ್ಲಿ ಮನೆ ಮಾಡಿದ್ದೆವು. ನಮ್ಮ ಮನೆಯಲ್ಲಿ ಮೈಯ ವಿಷಯ ಎಂದರೆ ಜ್ವರ, ನೆಗಡಿ, ಅಮ್ಮನ ಮೊಣಕಾಲು. ಅದರಾಚೆಗಿನದನ್ನು ಅಪ್ಪನೆದುರು ನಾನು ಎಂದೂ ಬಾಯಿ ಬಿಟ್ಟು ಆಡಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಮಾತನ್ನು ಜೋಡಿಸಿಕೊಳ್ಳುತ್ತಾ, ಕೂರಲಾಗದೆ ಎರಡು ಸ್ಟಾಪ್ ಮೊದಲೇ ಇಳಿದು ನಡೆದೆ.

ಊಟಕ್ಕೆ ಕೂತಾಗ ಕೇಳಿದೆ. "ಅಪ್ಪಾ, ಎತ್ತರದ ಲೆಕ್ಕಕ್ಕ ಕೈ ಭಾಳ ಉದ್ದ ಇರೂದು ಯಾರಿಗೆ?"

"ಮಂತ್ರಿಗಳಿಗೆ," ಎಂದರು ಅಪ್ಪ, ತಲೆ ಎತ್ತದೆ.

"ಅಪ್ಪಾ, ಖರೇನ ಕೇಳ್ಲಿಕತ್ತೀನಿ. ಕೆಲಸಕ್ಕ ಬೇಕಾಗೇದ."

"ಪೇಶಂಟಿನ ವಯಸ್ಸೆಷ್ಟು?"

"ಸತ್ತು ಇನ್ನೂರು ವರ್ಷದ ಮ್ಯಾಲಾತು."

"ಹಂಗಾದ್ರ ನಮ್ಮ ದವಾಖಾನಿ ಪಾಳ್ಯಾಗ ಈಗ ಅಪಾಯಿಂಟ್‌ಮೆಂಟ್ ಸಿಕ್ಕಿರ್ತದ, ಕಳಸು."

ಅಮ್ಮ ನಕ್ಕರು. ನಾನು ತಟ್ಟೆ ನೋಡುತ್ತಾ ಹೇಳಿದೆ: "ಹಾಡೋ ಮಂದಿ ಅಪ್ಪಾ. ಇಟಲಿಯವರು. ದನಿ ಸಣ್ಣದ ಉಳೀಲಿ ಅಂತ ಹುಡುಗರಿದ್ದಾಗನ ಅವರಿಗೆ..."

ಅಪ್ಪ ಕೈಯಲ್ಲಿದ್ದ ಚಪಾತಿಯ ತುಂಡನ್ನು ತಟ್ಟೆಗಿಟ್ಟರು. ಅವರ ಕನ್ನಡ ಅಲ್ಲಿಗೆ ನಿಂತು, ಆಸ್ಪತ್ರೆಯ ಇಂಗ್ಲಿಷ್ ಶುರುವಾಯಿತು. ಅದರಲ್ಲಿ ಅವರಿಗೂ ನಾಚಿಕೆ ಇರಲಿಲ್ಲ, ನನಗೂ ಇರಲಿಲ್ಲ. ಕೈಕಾಲಿನ ಉದ್ದ ಮೂಳೆಗಳ ತುದಿಯಲ್ಲಿ ಬೆಳೆಯುವ ಮೆತ್ತನೆಯ ಪದರ ಇರುತ್ತದೆ. ಹರೆಯ ಬಂದಾಗ ಮೈಯೊಳಗಿನ ರಸಗಳು ಅದನ್ನು ಗಟ್ಟಿ ಮಾಡಿ, ಸಾಕು ನಿಲ್ಲು ಅನ್ನುತ್ತವೆ. ಇಂಥ ರೋಗಿಗೆ ನಿಲ್ಲು ಅನ್ನುವವರಿಲ್ಲ. ಕೈಕಾಲು ಬೆಳೆಯುತ್ತಲೇ ಹೋಗುತ್ತವೆ. ಎರಡೂ ಕೈ ಚಾಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವ ಅಳತೆ ಎತ್ತರವನ್ನು ಮೀರುತ್ತದೆ.

"ನಮ್ಮಂಥವರಿಗೆ ಎರಡೂ ಹತ್ತಿರ ಹತ್ತಿರ ಒಂದ ಇರ್ತಾವ. ನಿಂದ್ರು," ಎಂದು ಅಮ್ಮನನ್ನು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ನಿಲ್ಲಿಸಿ, ಕೈ ಚಾಚಿಸಿ, ಅಮ್ಮನದೇ ಟೇಪಿನಿಂದ ಅಳೆದು ತೋರಿಸಿದರು.

"ಮೂವತ್ತು ವರ್ಷಕ್ಕ ಮೊದಲನೇ ಸಲ ನನ್ನ ಅಳತಿ ತಗೊಂಡ್ರಿ ನೋಡ್ರಿ," ಎಂದರು ಅಮ್ಮ, ಕೈ ಇಳಿಸದೆ. ಆಮೇಲೆ ನನ್ನತ್ತ ತಿರುಗಿ, "ಪಾಪ, ಯಾರ ಹೊಟ್ಯಾಗ ಹುಟ್ಟಿದ ಹುಡುಗರೋ. ಅವರವ್ವ ಹೆಂಗ ಒಪ್ಪಿದ್ಲು?" ಎಂದರು. ಅಪ್ಪ ಟೇಪನ್ನು ಸುತ್ತಿ ಅಮ್ಮನ ಕೈಗೆ ಕೊಟ್ಟರು.

"ಮುಂದ ಅವರಿಗೆ ವಯಸ್ಸಾದಂಗ ಸೊಂಟ, ಎದಿ ತುಂಬ್ಕೋತದ," ಎಂದೂ ಅಪ್ಪ ಹೇಳಿದರು. ನಾನು ಕೇಳಿದ್ದು ಕೈಯ ವಿಷಯ. ಕೈಯ ವಿಷಯವನ್ನಷ್ಟೇ ಬರೆದುಕೊಂಡೆ.

ಮುಂದಿನ ಎರಡು ವಾರ ಬೊಂಬೆಯ ಕೈ ಉದ್ದ ಮಾಡಿದೆ, ಕಾಲು ಉದ್ದ ಮಾಡಿದೆ, ಮುಂಡವನ್ನು ಹಾಗೇ ಬಿಟ್ಟೆ. ನೀಳ ಕೈಕಾಲಿನ, ತೆಳ್ಳನೆಯ, ಸ್ವಲ್ಪ ಜೇಡದಂತೆ ಕಾಣುವ ಯುವಕನೊಬ್ಬ ತಯಾರಾದ. ಕ್ಯುರೇಟರ್ ಬಂದು ಸುತ್ತು ಹಾಕಿ ನೋಡಿ, "ಇವನೇ," ಎಂದು ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದರು. ಜರ್ಸಿಯ ತೊಗಲು ಹೊಲಿದು ಮುಗಿಸಿದೆ.

ಇನ್ನುಳಿದದ್ದು ಕೋಟನ್ನು ಈ ತೆಳು ಮೈಗೆ ಹೊಂದಿಸುವುದು. ಪಕ್ಕದ ಹೊಲಿಗೆಯನ್ನು ಬಿಚ್ಚುವಂತಿಲ್ಲ. ಒಳಗಡೆ ಮಡಿಕೆ ಹಾಕಿ, ಕೂದಲಿನಷ್ಟು ತೆಳು ರೇಷ್ಮೆ ದಾರದಿಂದ ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಬೇಕು, ಮುಂದೆ ಗುರುತುಳಿಯದಂತೆ ತೆಗೆಯಬೇಕು. ಸಂದರ್ಶನಕ್ಕೆ ಒಂದು ವಾರ ಇರುವಾಗ, ಒಂದು ಶುಕ್ರವಾರ ಬೆಳಗ್ಗೆ ಎಡ ಬಗಲಿನಿಂದ ಶುರು ಮಾಡಿದೆ. ಮಡಿಕೆ ಎಲ್ಲಿ ಬರಬೇಕೆಂದು ನೋಡಲು ದೀಪವನ್ನು ಓರೆಯಾಗಿ ಇಟ್ಟು, ಅಸ್ತರನ್ನು ಸರಿಸಿದೆ.

ಬಗಲಿನ ಬೆವರಿನ ಕಲೆಯನ್ನು ನಾನು ಮೊದಲೇ ನೋಡಿದ್ದೆ, ನಕ್ಷೆಯಲ್ಲಿ ಕಂದು ಪೆನ್ಸಿಲಿನಿಂದ ಒಂದೇ ಬಣ್ಣ ತುಂಬಿದ್ದೆ. ಓರೆ ಬೆಳಕಿನಲ್ಲಿ ಅದು ಒಂದೇ ಬಣ್ಣ ಇರಲಿಲ್ಲ. ಮೈಯ ಕಡೆಯಿಂದ ಒಳಗಿನ ಸಾಲಿನವರೆಗೆ ಗಾಢ ಕಂದು. ಅಲ್ಲಿಂದ ಎರಡನೇ ಸಾಲಿನವರೆಗೆ ಅದಕ್ಕಿಂತ ತಿಳಿ. ಎರಡರಿಂದ ಮೂರರವರೆಗೆ ಇನ್ನೂ ತಿಳಿ, ಚಹಾ ಸೋಸಿದ ಬಟ್ಟೆಯ ಬಣ್ಣ. ಮೂರೂ ಪಟ್ಟಿಗಳು ಸೂಜಿತೂತಿನ ಸಾಲಿಗೆ ಗೆರೆ ಎಳೆದ ಹಾಗೆ ನಿಂತಿದ್ದವು.

ಸೂಜಿಯನ್ನು ಮೇಜಿಗೆ ಇಟ್ಟೆ.

ಹೊಲಿಗೆಯ ಒಳಗೆ ಅಡಗಿದ ಬಟ್ಟೆಗೆ ಬೆವರು ತಾಗುವುದು ಕಡಿಮೆ. ಹೊಲಿಗೆ ಬಿಚ್ಚಿ ಸಡಿಲಿಸಿದ ಮೇಲಷ್ಟೇ ಆ ಪಟ್ಟಿ ಮೈಗೆ ಬರುತ್ತದೆ. ಬಾಡಿಗೆ ಅಂಗಡಿಯವರು ಒಂದೇ ಸಲ ಬಿಚ್ಚಿದ್ದರೆ ಎರಡು ಬಣ್ಣ ಇರಬೇಕಿತ್ತು. ಇಲ್ಲಿ ಮೂರಿದ್ದವು. ಅಂದರೆ ಕೋಟನ್ನು ಪ್ರತಿ ಅಳತೆಯಲ್ಲೂ ಬಹಳ ಕಾಲ ತೊಟ್ಟಿದ್ದಾರೆ. ತೂತುಗಳಲ್ಲಿ ಉಳಿದ ದಾರದ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಒಳ ಸಾಲಿನದು ಕೋಟಿನದೇ ಬಣ್ಣದ ರೇಷ್ಮೆ, ಎರಡನೆಯದು ಬೇರೆ ಬಣ್ಣದ ರೇಷ್ಮೆ, ಮೂರನೆಯದು ಅಗಸೆ ನಾರಿನ ಒರಟು ದಾರ.

ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಓಡಾಡಿದೆ. ಯಾರಿಗೂ ಹೇಳಲಿಲ್ಲ. ಕೋಟಿಗೆ ಕಾಗದ ಹೊದಿಸಿ, ಎರಡು ಫೋಟೊ ಅಚ್ಚು ಹಾಕಿಸಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ.

ಶನಿವಾರ ಮಧ್ಯಾಹ್ನ ಅಮ್ಮ ಮುಂದಿನ ಕೋಣೆಯಲ್ಲಿ ಮಶಿನ್ನಿನ ಮುಂದೆ ಕೂತಿದ್ದರು. ಹ್ಯಾರೋ, ರೇನರ್ಸ್ ಲೇನ್, ಪಿನ್ನರ್ ಸುತ್ತಮುತ್ತಲಿನ ನಮ್ಮವರಿಗೆ ಸೀರೆಯ ಜಂಪರ್ ಹೊಲಿದುಕೊಡುವುದು ಅಮ್ಮನ ಕೆಲಸ. ಅವತ್ತು ಕೈಯಲ್ಲಿದ್ದದ್ದು ಮದುವೆ ಗೊತ್ತಾದ ಒಬ್ಬ ಹುಡುಗಿಯದು. ಪಕ್ಕದಲ್ಲಿ ಮೂರು ಹೊಲಿಗೆ ಹಾಕುತ್ತಿದ್ದರು, ಒಂದರ ಪಕ್ಕ ಒಂದು, ಒಂದೇ ಉಸಿರಿನಲ್ಲಿ.

"ಮೂರೂ ಈಗ ಹಾಕಿಬಿಡ್ತೀಯಲ್ಲ," ಎಂದೆ.

"ಮತ್ತ? ಮದಿವಿ ಆದ ಮ್ಯಾಲೆ ಒಂದು ಬಿಚ್ಚತಾಳ, ಹಡದ ಮ್ಯಾಲೆ ಇನ್ನೊಂದು ಬಿಚ್ಚತಾಳ. ಪ್ರತೀ ಸಲ ನನ್ನ ಹತ್ರ ಓಡಿ ಬರಬೇಕೇನು? ಬ್ಲೇಡ್ ತಗೊಂಡು ಮನ್ಯಾಗ ಬಿಚ್ಕೋತಾಳ."

ನಾನು ಫೋಟೊ ಕೊಟ್ಟೆ. ಅಮ್ಮ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಯಾರ ಜಂಪರ?"

"ಆ ಹಾಡೋ ಮನಶ್ಯಾಂದು. ಕೋಟು."

"ಇದು ಒಂದ ಕೈ ಅಲ್ಲವಾ. ಇಲ್ನೋಡು, ಮೊದಲನೇದಾಂವ ಕುಶಾಲಿಂದ ಕೂತು ಹೊಲದಾನ, ಎಲ್ಲಾ ತೂತು ಒಂದ ಸಮ. ಎರಡನೇದಾಂವಗ ಗಡಿಬಿಡಿ. ಮೂರನೇದಾಂವ ಅಂತೂ ಗೋಣಿಚೀಲ ಹೊಲದಂಗ ಹೊಲದಾನ."

"ಮೂರೂ ಒಮ್ಮೆನ ಹಾಕಿರಬಹುದಲ್ಲ, ನಿನ್ನಂಗ?"

"ಯಾಕ ಹಾಕ್ತಾರ? ನನಗ ಮಶಿನ್ ಅದ, ಕಾಲು ಒತ್ತಿದ್ರ ಆತು. ಕೈಲೆ ಹೊಲಿಯಾಂವ ಒಂದು ಸಾಲು ಹೊಲಿಯೂದ್ರಾಗ ಬೆನ್ನು ಹಿಡಕೊಂಡಿರ್ತದ. ಬ್ಯಾಡಾದ ಸಾಲು ಹೊಲಿಯಾಕ ಅವಗೇನು ಹುಚ್ಚೇನು?" ಫೋಟೊ ಹಿಂದಕ್ಕೆ ಕೊಟ್ಟರು. "ದಪ್ಪ ಆದಾಗೊಮ್ಮೆ ಬಿಚ್ಚಿಸ್ಯಾನ, ಪಾಪ. ಯಾಕ, ಮುಖ ಹಿಂಗ್ಯಾಕ ಮಾಡೀದಿ?"

"ಏನಿಲ್ಲ," ಎಂದೆ.

ಅಮ್ಮನ ಪಕ್ಕದಲ್ಲೇ ಬೆಳೆದು, ಆ ಮೂರು ಸಾಲನ್ನು ಕೈಯಲ್ಲಿ ಹೊಲಿಯುವ ಕಾಲಕ್ಕೆ ಹೊತ್ತುಕೊಂಡು ಹೋಗಿದ್ದೆ. ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿದವಳು ಮಶಿನ್ನಿನ ಬುದ್ಧಿಯನ್ನು ಮಶಿನ್ ಇಲ್ಲದವನ ಮೇಲೆ ಹೊರಿಸಿದ್ದೆ. ಅದಕ್ಕಿಂತ ಕೆಟ್ಟದ್ದು, ಅದನ್ನು 'ಸಾಮಾನ್ಯ ಪದ್ಧತಿ' ಎಂದು ಬರೆದದ್ದು. ಅಮ್ಮನ ಜಂಪರ್ ಎಂದು ಬರೆಯಲು ನಾಚಿಕೆಯಾಗಿ ಹಾಗೆ ಬರೆದೆನೆ, ಅಥವಾ ಅದು ಎಲ್ಲಿಂದ ಬಂತೆಂದು ನನಗೇ ತಿಳಿಯದೆ ಬರೆದೆನೆ? ಆ ಭಾನುವಾರ ಇಡೀ ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎರಡೂ ಇತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮೂರು ಅಳತೆ ಎಂದರೆ ಮೂರು ಜನ ತೊಟ್ಟಿರಬಹುದಲ್ಲ? ಆದರೆ ಭುಜ, ಬಗಲಿನ ಸುತ್ತು, ತೋಳು, ಇವುಗಳಲ್ಲಿ ಒಂದೇ ಸಾಲು ತೂತು. ಯಾರೂ ಮುಟ್ಟಿರಲಿಲ್ಲ. ಸೋಮವಾರ ಬೆಳಗ್ಗೆ ಅಪ್ಪ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಕೇಳಿದೆ. "ಅಂಥಾ ಕೈ ಬ್ಯಾರೆ ಇಬ್ಬರಿಗೆ ಅಷ್ಟ ಸರಿಯಾಗಿ ಕೂಡೂದು ಕಠಿಣ," ಎಂದರು. "ಆಗೂದ ಇಲ್ಲ ಅನ್ನಂಗಿಲ್ಲ. ಆದ್ರ ಅವತ್ತ ಹೇಳಿದ್ನಲ್ಲ, ಸೊಂಟ ತುಂಬ್ಕೋತದಂತ. ನೀ ಬರಕೊಳ್ಳಿಲ್ಲೇನು?"

ಹಿರಿಯ ಸಂರಕ್ಷಕಿಗೆ ಎಲ್ಲವನ್ನೂ ಕ್ರಮವಾಗಿ ತೋರಿಸಿದೆ: ಮೂರು ಬಣ್ಣ, ಮೂರು ದಾರ, ಮುಟ್ಟದ ತೋಳು. ಅಮ್ಮನ ವಿಷಯ ಹೇಳಲಿಲ್ಲ. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ಸರಿಯಾಗಿ ನೋಡಿದ್ದೀಯ. ತಡವಾಗಿ ನೋಡಿದ್ದೀಯ," ಎಂದರು.

ಕ್ಯುರೇಟರನ್ನು ಕರೆಸಿದೆವು. ಅವರು ಮುಗಿದ ಬೊಂಬೆಯನ್ನೂ ನನ್ನ ಹೊಸ ಅಳತೆಗಳನ್ನೂ ನೋಡಿದರು.

"ನನಗೆ ಬೇಕಾಗಿದ್ದದ್ದು ರಾಣಿಯರು ಮೂರ್ಛೆ ಹೋದ ಗಾಯಕ. ನೀವು ಕೊಡುತ್ತಿರುವುದು ನಮ್ಮ ಸೋದರಮಾವನನ್ನು."

"ರಾಣಿಯರು ಮೂರ್ಛೆ ಹೋದಾಗ ಅವನು ಯಾವ ಸಾಲಿನಲ್ಲಿದ್ದ ಎಂದು ನಮಗೆ ಗೊತ್ತಿಲ್ಲ," ಎಂದೆ.

"ನೀವೇ ಬರೆದಿದ್ದಿರಲ್ಲ, ಒಳಗಿನ ಸಾಲೆಂದು?"

ನಾನು ಬಾಯಿ ತೆರೆಯುವ ಮೊದಲು ಹಿರಿಯ ಸಂರಕ್ಷಕಿ ನಡುವೆ ಬಂದರು. "ಮಡಿಕೆ ಹಾಕಿದರೆ ಎದೆಯ ಪಕ್ಕದ ಜರಿ ಮುರಿಯುತ್ತದೆ. ಎರವಲು ತಂದ ವಸ್ತು. ನಾನು ಒಪ್ಪುವುದಿಲ್ಲ." ಅದು ಸುಳ್ಳಲ್ಲ, ಜರಿ ನಿಜವಾಗಿಯೂ ಮುರಿಯುತ್ತಿತ್ತು. ಕ್ಯುರೇಟರ್ ಸೋತು ಹೋದರು.

ಅವರು ಹೋದ ಮೇಲೆ ಹಿರಿಯ ಸಂರಕ್ಷಕಿ ನನ್ನ ಕಡೆ ತಿರುಗಿದರು. "ಶುಕ್ರವಾರ ಸಂದರ್ಶನ. ಕಡತವನ್ನು ಸಂದರ್ಶಕರು ಮೂವರೂ ಓದುತ್ತಾರೆ, ನಾನೂ ಒಬ್ಬಳು. ನಿನ್ನ ಹಳೆಯ ವರದಿಯನ್ನು ಇವತ್ತಿನವರೆಗೆ ಯಾರೂ ಪೂರ್ತಿ ಓದಿಲ್ಲ. ಆ ಮನುಷ್ಯ ಕೊನೆಯ ಸಾಲು ಮಾತ್ರ ಓದಿದ್ದಾರೆ. ಆ ಪುಟ ತೆಗೆದು ಹೊಸದು ಹಾಕು. ಎಲ್ಲರೂ ಮಾಡುತ್ತಾರೆ. ನಾನು ಹುಡುಗಿಯಾಗಿದ್ದಾಗ ನಾನೂ ಮಾಡಿದ್ದೇನೆ."

"ಸರಿ," ಎಂದೆ. ಆ ಗಳಿಗೆಯಲ್ಲಿ ಹಾಗೇ ಮಾಡುವವಳಿದ್ದೆ.

ಮೂರು ದಿನ ಬೇರೇನೂ ಯೋಚಿಸಲು ಬಿಡುವಿರಲಿಲ್ಲ. ಬೊಂಬೆಯ ಬೆನ್ನಿನಲ್ಲಿ ಜರ್ಸಿಯನ್ನು ಕತ್ತರಿಸಿ, ತೊಗಲನ್ನು ಮುಂದಕ್ಕೆ ಸುಲಿದೆ. ಸೊಂಟಕ್ಕೆ, ಪಿರ್ರೆಗೆ, ಎದೆಗೆ ಪದರಗಳನ್ನು ಸೇರಿಸಿದೆ. ಸುತ್ತಲೂ ಸಮನಾಗಿ ಸೇರಿಸಿದರೆ ಪೀಪಾಯಿಯಂತಾಯಿತು. ತೆಗೆದೆ. ಕೋಟಿನ ಕಾಜಾಗಳನ್ನು ಮತ್ತೆ ನೋಡಿದೆ. ಎದೆಯ ಮಟ್ಟದ ಮೂರು ಕಾಜಾಗಳು ಮಾತ್ರ ಅಡ್ಡಕ್ಕೆ ಜಗ್ಗಿ ಉದ್ದವಾಗಿದ್ದವು, ಹೊಟ್ಟೆಯ ಮಟ್ಟದವು ಜಗ್ಗದೆ ಹೊಸದರಂತಿದ್ದವು. ತಿಂದು ದಪ್ಪವಾದವನ ಕೋಟಾದರೆ ಇದು ತಿರುವುಮುರುವು ಇರಬೇಕಿತ್ತು. ಅವನು ಉಸಿರು ತುಂಬಿಕೊಂಡಾಗ ಜಗ್ಗಿದ ಗುಂಡಿಗಳು ಅವು. ಪಕ್ಕೆಲುಬಿನ ಭಾಗವನ್ನು ಮುಂದಕ್ಕೂ ಪಕ್ಕಕ್ಕೂ ಎತ್ತಿ ಕಟ್ಟಿದೆ. ಕೋರಾ ಬಟ್ಟೆಯ ನಕಲು ಹನ್ನೊಂದನೇ ಸಲಕ್ಕೆ ಸುಕ್ಕಿಲ್ಲದೆ ಕೂತಿತು.

ಗುರುವಾರ ನಾವಿಬ್ಬರೂ ಸೇರಿ ಅಸಲಿ ಕೋಟನ್ನು ತೊಡಿಸಿದೆವು. ಅವರು ಬಲಗಡೆ, ನಾನು ಎಡಗಡೆ, ತೋಳಿನೊಳಗೆ ರೇಷ್ಮೆಯ ಜಾರುಬಟ್ಟೆ. ಕೊನೆಯ ಗುಂಡಿ ಹಾಕಿ ಹಿಂದೆ ಸರಿದಾಗ ಎದುರಿಗಿದ್ದವನು ಪೋಸ್ಟರಿನ ಯುವಕನಾಗಿರಲಿಲ್ಲ. ನೀಳ ಕೈಯ, ಅಗಲ ಸೊಂಟದ, ವಿಪರೀತ ದೊಡ್ಡ ಎದೆಯ ಮನುಷ್ಯ. ಚೆಲುವ ಅನ್ನುವಂತಿರಲಿಲ್ಲ. ಆದರೆ ಕೋಟಿನಲ್ಲಿ ಎಲ್ಲಿಯೂ ಎಳೆತವಿರಲಿಲ್ಲ.

ಕ್ಯುರೇಟರ್ ಬಂದು ಬೊಂಬೆಯೆದುರು ನಿಂತರು. ಎರಡು ಸುತ್ತು ಹಾಕಿದರು.

"ಇವನ ಹತ್ತಿರ ನಿಂತರೆ ನಾನೇ ಸಣ್ಣವನಾಗಿ ಕಾಣುತ್ತೇನೆ," ಎಂದರು. ಆಮೇಲೆ, "ಪೋಸ್ಟರ್ ಬದಲಾಗುವುದಿಲ್ಲ, ಅಚ್ಚಾಗಿದೆ. ಫಲಕ ಬದಲಿಸಬಹುದು. 'ಎರಡು ಸಲ ಸಡಿಲಿಸಿ, ದೀರ್ಘಕಾಲ ಅವನೇ ತೊಟ್ಟಿರುವ ಸಾಧ್ಯತೆ ಹೆಚ್ಚು' ಎಂದು ಬರೆಯಬಹುದೆ?"

"ಬರೆಯಬಹುದು."

"ವರದಿಯಲ್ಲಿ ಇದೆಯೆ? ಫಲಕದಲ್ಲಿ ಬರೆದದ್ದಕ್ಕೆಲ್ಲ ಕಡತದಲ್ಲಿ ಆಧಾರ ಇರಬೇಕು."

"ನಾಳೆ ಇರುತ್ತದೆ," ಎಂದರು ಹಿರಿಯ ಸಂರಕ್ಷಕಿ, ನನ್ನ ಮುಖ ನೋಡದೆ.

ಆ ಸಂಜೆ ಎಲ್ಲರೂ ಹೋದ ಮೇಲೆ ಕಡತ ತೆರೆದು ಕೂತೆ. ಹಳೆಯ ಪುಟವನ್ನು ಹಾಳೆ ಸಿಕ್ಕಿಸುವ ಉಂಗುರದಿಂದ ಬಿಡಿಸಿದೆ. ಕೈಯಲ್ಲಿ ಹಿಡಿದು ಓದಿದೆ. ವಾಕ್ಯಗಳು ಚೆನ್ನಾಗಿದ್ದವು, ನಂಬುವಂತಿದ್ದವು. ಭಯವಾದದ್ದು ಅದಕ್ಕೇ. ಈ ಪುಟವನ್ನು ತೆಗೆದುಬಿಟ್ಟರೆ, ಇನ್ನೈವತ್ತು ವರ್ಷಕ್ಕೆ ಇನ್ನೊಬ್ಬಳು ಇದೇ ಮೇಜಿನ ಮೇಲೆ ಇಂಥದೇ ಒಂದು ಕೋಟನ್ನು ಬಿಡಿಸಿದಾಗ, ಇಷ್ಟು ಸುಲಭವಾಗಿ ತಪ್ಪಬಹುದು ಎಂದು ಅವಳಿಗೆ ಹೇಳುವವರಿಲ್ಲ. ಹುದ್ದೆಯ ಯೋಚನೆಯೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಪ್ಪಂದ ಮುಗಿಯಲು ಹದಿನೆಂಟು ದಿನ ಉಳಿದಿತ್ತು. ಪುಟವನ್ನು ಮೇಜಿನ ಮೇಲೆ ಬಿಟ್ಟು ಬೀಗ ಹಾಕಿ ಹೊರಟೆ. ಏನನ್ನೂ ತೀರ್ಮಾನಿಸಿರಲಿಲ್ಲ.

ಮರುದಿನ ಬೆಳಗ್ಗೆ ಏಳು ಗಂಟೆಗೆಲ್ಲ ಕೆಲಸದ ಕೋಣೆಯಲ್ಲಿದ್ದೆ. ಹೊಸ ವರದಿ ಬರೆದೆ, ಎರಡು ಪುಟ. ಹಳೆಯದನ್ನು ಮತ್ತೆ ಉಂಗುರಕ್ಕೆ ಸೇರಿಸಿ ಮೇಲಿಟ್ಟೆ, ಹೊಸದನ್ನು ಅದರ ಕೆಳಗಿಟ್ಟೆ, ಮೂರು ಪ್ರತಿ ಮಾಡಿದೆ. ಹತ್ತಕ್ಕೆ ಕರೆದರು. ಮೂವರು ಕೂತಿದ್ದರು. ಹಿರಿಯ ಸಂರಕ್ಷಕಿ ಮೊದಲ ಪುಟ ನೋಡಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಒಂದು ಕೆಲಸವನ್ನು ನಮಗೆ ವಿವರಿಸಿ," ಎಂದರು ನಡುವೆ ಕೂತವರು. "ಎಲ್ಲಿಂದ ಬೇಕಾದರೂ ಶುರು ಮಾಡಬಹುದು."

ನಾನು ಹಳೆಯ ಪುಟದ ನಾಲ್ಕನೇ ಸಾಲಿಗೆ ಬೆರಳಿಟ್ಟೆ.

"ಇಲ್ಲಿ 'ದರ್ಜಿಗಳ ಸಾಮಾನ್ಯ ಪದ್ಧತಿ' ಎಂದು ಬರೆದಿದ್ದೇನೆ," ಎಂದೆ. "ಅದು ನನ್ನ ಅಮ್ಮನ ಪದ್ಧತಿ. ಅವರು ರೇನರ್ಸ್ ಲೇನ್‌ನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೀರೆಯ ಜಂಪರ್ ಹೊಲಿಯುತ್ತಾರೆ. ಅವರ ಹೊಲಿಗೆ ಸರಿಯಾಗಿದೆ. ಅದನ್ನು ಇಟಲಿಗೆ ಒಯ್ದವಳು ನಾನು."

ಮೂವರೂ ನನ್ನನ್ನೇ ನೋಡುತ್ತಿದ್ದರು. ಪುಟ ತಿರುವಿ ಮುಂದಿನದನ್ನು ಓದತೊಡಗಿದೆ.